ಟ್ಯೂನಾ ಬೋಟ್‌ನ್ಯಾಗ ಪಾಲು ತಗೋರಿ ಅಂತ ಒಬ್ಬ ಮನಿಗಿ ಬರ್ಲತ್ತಾನ, ರೊಕ್ಕ ಹಾಕಬೇಕೋ ಬ್ಯಾಡೋ?

ತೊಗರಿ ಕಣಜ:
ನಮಸ್ಕಾರ್ರಿ ಎಲ್ಲಾರಿಗೂ. ಇಲ್ಲಿ ಬರೇ ತೊಗರಿ ರೇಟು, ಬಸ್ಸಿನ ಟೈಮು, ನೌಕರಿ ಸುದ್ದಿನೇ ಇರ್ತಾವ ಗೊತ್ತದ, ಆದ್ರ ಇದು ಎಲ್ಲಿ ಕೇಳಬೇಕೋ ತಿಳೀವಲ್ದು ಅದಕ್ಕ ಹಾಕ್ಲತ್ತೀನಿ. ನಮ್ಮ ಸೋದರಮಾವಂದು ಚಿತ್ತಾಪುರ ಕಡಿ ಹೊಲ, ರೋಡಿಗಿ ಒಂದ್ ತುಕ್ಡಾ ಹೋಗಿ ಪರಿಹಾರದ ರೊಕ್ಕ ಬಂದದ. ರೊಕ್ಕ ಅಕೌಂಟಿಗಿ ಬಿದ್ದದ್ದು ಹೆಂಗ ಗೊತ್ತಾಯ್ತೋ ಏನೋ, ಒಬ್ಬ ಏಜೆಂಟ್ ದಿನಾ ಬಂದು ಚಾ ಕುಡದು ಹೋಗ್ಲತ್ತಾನ. ಅಂವ ಹೇಳೋದೇನಂದ್ರ ಅರಬ್ಬೀ ಸಮುದ್ರದಾಗ ದೂರ ಹೋಗಿ ಟ್ಯೂನಾ ಹಿಡಿಯೋ ದೊಡ್ಡ ಬೋಟ್ ಕಟ್ಲತ್ತಾರಂತ, ಹತ್ತು ಮಂದಿ ಪಾಲುದಾರ್ರು, ಒಂದ್ ಪಾಲಿಗಿ ಐದು ಲಕ್ಷ, ಮ್ಯಾಲ ಸರ್ಕಾರದ ಸಬ್ಸಿಡಿ, ಸರ್ಕಾರದವ್ರೇ ಸರ್ವೇ ಮಾಡಿ ಮೀನು ಅಲ್ಲೇ ಅದ ಅಂತ ಬರದು ಕೊಟ್ಟಾರಂತ, ಎರಡು ವರ್ಷದಾಗ ದುಪ್ಪಟ್ಟು. ಮೊಬೈಲ್‌ನ್ಯಾಗ ಒಂದು ವಿಡಿಯೋ ತೋರ್ಸ್ಯಾನ, ಜಪಾನ್‌ದಾಗ ಒಂದೇ ಮೀನು 20 ಕೋಟಿ ಮ್ಯಾಲ ಹರಾಜ್ ಆಗ್ಲತ್ತದ. ಅವತ್ತಿಂದ ಮಾವಗ ನಿದ್ದಿ ಇಲ್ಲ. ಇಪ್ಪತ್ತೈದು ಸಾವಿರ ಟೋಕನ್ ಅಂತ ಕೊಟ್ಟೂ ಬಿಟ್ಟಾನ. ಮೀನಿಂದು ಬೋಟಿಂದು ಗೊತ್ತಿದ್ದವ್ರು ಯಾರರ ಇದ್ರ ಹೇಳ್ರಿ, ನಾ ಅಂತೂ ಭೀಮಾ ಬಿಟ್ರ ಬ್ಯಾರೆ ನೀರು ನೋಡಿಲ್ಲ.

ಖಾರ ಬ್ಯಾಳಿ:
ಬೋಟ್ ಎಲ್ಲಿ ನಿಲ್ಲಸ್ತಾರಂತ, ಅಪ್ಪನ ಕೆರ್‍ಯಾಗೇನು? ಕಲಬುರಗಿಗಿ ಬಂದು ಬೋಟ್ ಮಾರ್ಲತ್ತಾನಂದ್ರ ಅಂವಗ ಮೊದಲ ಒಂದು ಶಾಲು ಹೊದಸ್ರಿ.

ಬಿದ್ರಿಕಲೆ:
ತಮ್ಮಾ, ನಾ ಬೀದರ್‌ದಾಕಿ, ಮಂಗಳೂರು ಮೀನುಗಾರಿಕಾ ಕಾಲೇಜಿನ್ಯಾಗ ಬಿಎಫ್‌ಎಸ್‌ಸಿ ಓದೀನಿ. (ಆ ಕಾಲೇಜು 1969ರದು, ದೇಶದಾಗೇ ಮೊದಲಿಂದು, ಆದ್ರ ಅದರ ಯೂನಿವರ್ಸಿಟಿ ಹೆಡ್ಡಾಫೀಸ್ ನಮ್ಮ ಬೀದರ್‌ದಾಗ ಅದ. ಇದು ಹೇಳಿದ್ರ ಅಲ್ಲಿಯವ್ರೂ ನಂಬಲ್ಲ ಇಲ್ಲಿಯವ್ರೂ ನಂಬಲ್ಲ.) ಆಮ್ಯಾಲ ಕೊಚ್ಚಿಯಾಗ ಮೀನು ಎಕ್ಸ್‌ಪೋರ್ಟ್ ಮಾಡೋ ಕಡಿ ಕ್ವಾಲಿಟಿ ಲ್ಯಾಬ್‌ನ್ಯಾಗ ಇದ್ದೆ, ಟ್ಯೂನಾನೇ ಕೆಲಸ.

ಮೊದಲ ಆ ವಿಡಿಯೋದ ಮಾತು ಮುಗಸ್ತೀನಿ. ಅದು 2019ರ ಜನವರಿ ಹರಾಜು ಇರಬೇಕು, ಟೋಕಿಯೋದ ಟೊಯೊಸು ಮಾರ್ಕೆಟ್, 278 ಕಿಲೋದ ಒಂದು ಮೀನು, 33.36 ಕೋಟಿ ಯೆನ್. ಆ ಮೀನು ಬ್ಲೂಫಿನ್. ನಮ್ಮ ಅರಬ್ಬೀ ಸಮುದ್ರದಾಗ ಬ್ಲೂಫಿನ್ ಇಲ್ಲ. ಮ್ಯಾಲಿಂದ ಅದು ಹೊಸ ವರ್ಷದ ಮೊದಲ ಹರಾಜು, ಅಲ್ಲಿ ಹೋಟೆಲ್‌ನವ್ರು ಹೆಸರಿಗಾಗಿ ಪೈಪೋಟಿ ಮ್ಯಾಲ ಕೂಗ್ತಾರ, ಮರುದಿನ ಅದೇ ಮೀನಿಗಿ ಆ ರೇಟ್ ಇರಲ್ಲ. ನಮ್ಮ ಕಡಿ ದೂರ ಸಮುದ್ರದಾಗ ಸಿಗೋದು ಮುಖ್ಯ ಯೆಲ್ಲೋಫಿನ್, ಸ್ಕಿಪ್‌ಜಾಕ್, ಥೋಡೆ ಬಿಗ್‌ಐ. ದಂಡಿ ಹತ್ರ ಸಣ್ಣ ಜಾತಿ ಸಿಗ್ತಾವ, ಕರಾವಳಿಯವ್ರು ಕೇದರ್ ಅಂತಾರ, ಅವು ನಮ್ಮ ಬಾಜಾರದ ರೇಟಿಗೇ ಹೋಗ್ತಾವ. ವಿಡಿಯೋ ತೋರಸಿ ರೊಕ್ಕ ಕೇಳ್ಯಾನಂದ್ರ ಒಂದೋ ಅಂವಗ ಗೊತ್ತಿಲ್ಲ, ಇಲ್ಲಾ ನಿಮ್ಮ ಮಾವಗ ಗೊತ್ತಿಲ್ಲ ಅಂತ ಅಂವಗ ಗೊತ್ತದ.

ತೊಗರಿ ಕಣಜ:
ಅಕ್ಕೋರೆ ಭಾಳ ಉಪಕಾರ ಆಯ್ತು. ಆದ್ರ ಸರ್ವೇದು ಏನ್ರಿ? ಅಂವ ಒಂದು ಇಂಗ್ಲಿಷ್ ಕಾಗದ ತೋರಸ್ತಾನ, ಮ್ಯಾಪ್ ಅದ, ಮ್ಯಾಪ್‌ನ್ಯಾಗ ಕೆಂಪು ಚುಕ್ಕಿ ಅವ, ಇಲ್ಲೆಲ್ಲಾ ಮೀನು ಅಂತ.

ಬಿದ್ರಿಕಲೆ:
ಸರ್ವೇ ಖರೇನೇ ಇರ್ತದ, ಅದರಾಗ ಸುಳ್ಳಿಲ್ಲ. ಫಿಶರಿ ಸರ್ವೇ ಆಫ್ ಇಂಡಿಯಾ ಅಂತ ಕೇಂದ್ರದ್ದು ಒಂದು ಸಂಸ್ಥೆ ಅದ, 1946ರಾಗ ಮುಂಬೈಯಾಗ ಡೀಪ್ ಸೀ ಫಿಶಿಂಗ್ ಸ್ಟೇಶನ್ ಅಂತ ಶುರು ಆಗಿದ್ದು, 1983ರಾಗ ಈ ಹೆಸರು ಬಂತು. ಅವರ ಹಂತ್ಯಾಕ ಮತ್ಸ್ಯ ವೃಷ್ಟಿ, ಮತ್ಸ್ಯ ದೃಷ್ಟಿ ಅಂತ ಲಾಂಗ್‌ಲೈನ್ ಹಡಗು ಅವ, ಕೆಲಸನೇ ಅದು, ದೂರ ಹೋಗಿ ಗಾಳ ಬಿಟ್ಟು ಯಾವ ತಿಂಗಳು ಯಾವ ಜಾಗದಾಗ ಏನು ಬೀಳ್ತದ ಅಂತ ಬರದಿಡೋದು. ಖಾಲಿ ಬಂದ ಗಾಳಾನೂ ಬರೀಬೇಕು.

ಲಾಂಗ್‌ಲೈನ್ ಅಂದ್ರ ಏನಂತ ಹೇಳ್ತೀನಿ ಕೇಳು. ಕಿಲೋಮೀಟರ್‌ಗಟ್ಟಲೆ ಒಂದೇ ದಪ್ಪ ನೈಲಾನ್ ಹಗ್ಗ, ಅದಕ್ಕ ಅಷ್ಟಷ್ಟು ದೂರಕ್ಕ ಕ್ಲಿಪ್ ಹಾಕಿ ಸಣ್ಣ ಹಗ್ಗ ಜೋತು ಬಿಡ್ತಾರ, ಅದರ ತುದಿಗಿ ಗಾಳ, ಗಾಳಕ್ಕ ಬಂಗುಡೆ ಇಲ್ಲಾ ಸ್ಕ್ವಿಡ್ ಚುಚ್ಚಿರ್ತಾರ. ನಡುನಡುಕ ಬುರಡಿ ಕಟ್ಟಿರ್ತಾರ, ಅದಕ್ಕ ಹಗ್ಗ ತೇಲ್ತದ. ಬೆಳಕಾಗೋದ್ರೊಳಗ ಬಿಟ್ಟು ನಾಲ್ಕೈದು ತಾಸು ನೀರಾಗ ಬಿಟ್ಟು ಆಮ್ಯಾಲ ಎಳೀಲಕ್ಕ ಶುರು. ಎಳಿಯೋದೇ ಅರ್ಧ ದಿನ. ನೂರು ಗಾಳಕ್ಕ ಒಂದು ಟ್ಯೂನಾ ಬಿದ್ರ ಕೆಟ್ಟ ದಿನ ಅಲ್ಲ ಅಂತ ತಿಳಕೋ. ಕೆಲವು ಗಾಳಕ್ಕ ಬರೇ ತಲಿ ಬರ್ತದ, ಕಿವಿರಿಂದ ಹಿಂದಿಂದು ಪೂರಾ ಶಾರ್ಕ್ ಕಚ್ಚಿಕೊಂಡು ಹೋಗಿರ್ತದ. ಬಾಕಿ ಗಾಳಕ್ಕ ಶಾರ್ಕ್, ತಲ್ವಾರ್ ಮೀನು, ಒಮ್ಮೊಮ್ಮೆ ಆಮಿ ಸಿಕ್ಕಿರ್ತದ, ಆಮಿ ಸಿಕ್ರ ಹಗ್ಗ ಕೊಯ್ದು ಬಿಡಬೇಕು.

ಅದಕ್ಕ ಸರ್ವೇ ಕಾಗದ ಹೇಳೋದು ಮೀನು ಅದ ಅಂತ ಇಷ್ಟೇ. ಆ ಮೀನು ಹಿಡಿಲಕ್ಕ ಸುಟ್ಟ ಡೀಸೆಲ್ ಮೀನಿನ ರೇಟ್‌ನ್ಯಾಗ ವಾಪಸ್ ಬರ್ತದೋ ಇಲ್ಲೋ ಅದರಾಗ ಬರದಿರಲ್ಲ. ಸರ್ಕಾರಿ ಹಡಗಿಗಿ ಮೀನು ಸಿಗ್ಲಿಲ್ಲಂದ್ರೂ ಪಗಾರ ಬರ್ತದಪ್ಪ.

ಮಲ್ಪೆ ಟು ಯಾದಗಿರಿ:
ನಾನು ಉಡುಪಿ ಕಡೆಯವ, ಬ್ಯಾಂಕ್ ಕೆಲಸಕ್ಕೆ ಯಾದಗಿರಿಯಲ್ಲಿದ್ದೇನೆ. ಮನೆಯಲ್ಲಿ ಬೋಟ್ ಉಂಟು, ಅಣ್ಣ ನೋಡಿಕೊಳ್ತಾನೆ. ಮೇಡಂ ಹೇಳಿದ್ದು ಸರಿ, ಅದಕ್ಕೆ ನಾನು ಬೋಟಿನ ಲೆಕ್ಕ ಸೇರಿಸ್ತೇನೆ.

ಹತ್ತು ಪಾಲು ಐದು ಲಕ್ಷ ಅಂದ್ರೆ 50 ಲಕ್ಷ. ಎಂತ ಬೋಟ್ ಬರ್ತದೆ ಮಾರಾಯ್ರೆ ಅದಕ್ಕೆ? ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲೇ ಒಂದು ಆಳಸಮುದ್ರ ಬೋಟಿಗೆ 1.20 ಕೋಟಿ ಅಂತ ಲೆಕ್ಕ ಹಿಡಿದಿದ್ದಾರೆ, ಅದು 2020ರ ರೇಟು. ಆ ಯೋಜನೆ ಸಬ್ಸಿಡಿ 40 ಪರ್ಸೆಂಟ್, ಮಹಿಳೆಯರಿಗೆ ಎಸ್‌ಸಿ ಎಸ್‌ಟಿಯವರಿಗೆ 60. ಆದ್ರೆ ಅದು ಸಾಂಪ್ರದಾಯಿಕ ಮೀನುಗಾರರಿಗೆ ಅಂತ ಇರೋದು. ಚಿತ್ತಾಪುರದಲ್ಲಿ ತೊಗರಿ ಬೆಳೆಯೋರಿಗೆ ಸಿಗೋದಿಲ್ಲ, ಬೇರೆಯವರ ಹೆಸರಲ್ಲಿ ತಗೊಂಡ್ರೆ ಬೋಟ್ ಆ ಬೇರೆಯವರದ್ದೇ, ನಿಮ್ಮ ಮಾವನದ್ದಲ್ಲ.

ಮತ್ತೆ ಬೋಟ್ ಕಟ್ಟಿದ್ರೆ ಮುಗೀಲಿಲ್ಲ. ನಮ್ಮಲ್ಲಿ ಟ್ರಾಲ್ ಬೋಟ್ (ಬಲೆ ಎಳೆದುಕೊಂಡು ಹೋಗೋದು) ಹತ್ತು ದಿನಕ್ಕೆ ಹೋಗಿ ಬರ್ತದೆ, ಡೀಸೆಲ್, ಐಸು, ರೇಶನ್ ತುಂಬಿಸಿಯೇ ಕಳಿಸ್ಬೇಕು, ಮೀನು ಸಿಗಲಿ ಬಿಡಲಿ. ಬಂದ ಮೇಲೆ ಹರಾಜು, ಹರಾಜಿನ ದುಡ್ಡಲ್ಲಿ ಖರ್ಚು ಕಳೆದು ಉಳಿದದ್ದರಲ್ಲಿ ತಾಂಡೇಲನಿಗೆ (ಬೋಟ್ ನಡೆಸೋ ಮುಖ್ಯಸ್ಥ) ಕಲಾಸಿಗಳಿಗೆ (ಬೋಟಿನ ಕೆಲಸದವರು) ಪಾಲು, ಕೊನೆಗೆ ಬೋಟಿನವನಿಗೆ. ಒಳ್ಳೆ ತಾಂಡೇಲ ಸಿಗದಿದ್ರೆ ಬೋಟ್ ಬರೀ ಕಬ್ಬಿಣ. ದೂರ ಇರೋ ಮಾಲಕನಿಗೆ ಯಾವ ಟ್ರಿಪ್ಪಿಗೆ ಎಷ್ಟು ಬಿತ್ತು ಅಂತ ಯಾರು ಹೇಳ್ತಾರೆ? ಬಂದರಲ್ಲಿ ದಿನಾ ನಿಲ್ಲೋ ನನ್ನ ಅಣ್ಣನಿಗೇ ಸಂಶಯ ಇರ್ತದೆ!

ಟ್ಯೂನಾ ಲಾಂಗ್‌ಲೈನ್ ಅಂತೂ ಕರ್ನಾಟಕದವರು ಮಾಡೋದು ಕಮ್ಮಿ. ಆ ಕಸುಬು ಗೊತ್ತಿರೋದು ಕನ್ಯಾಕುಮಾರಿ ಜಿಲ್ಲೆಯ ತೂತೂರು ಕಡೆಯವರಿಗೆ. ಅವರು ಗಾಳದವರು, ಕೊಚ್ಚಿಯಲ್ಲಿ ಇಳಿಸ್ತಾರೆ, ಗುಜರಾತ್ ಆಚೆ ತನಕ ಹೋಗ್ತಾರೆ, ವಾರಗಟ್ಟಲೆ ಸಮುದ್ರದಲ್ಲೇ ಇರ್ತಾರೆ. 2017ರ ನವೆಂಬರ್ ಕೊನೆಗೆ ಒಖಿ ಚಂಡಮಾರುತ ಬಂದಾಗ ಅವರ ಊರುಗಳೇ ಹೆಚ್ಚು ಸತ್ತದ್ದು, ಯಾಕಂದ್ರೆ ದೂರ ಇದ್ದವರಿಗೆ ಸುದ್ದಿ ಮುಟ್ಲಿಲ್ಲ. ಈಗ 2024ರಿಂದ ಇಸ್ರೋದ ಟ್ರಾನ್ಸ್‌ಪಾಂಡರ್ ಹಾಕ್ತಾ ಇದ್ದಾರೆ, ಮೊಬೈಲ್ ಟವರ್ ಇಲ್ಲದ ಕಡೆಯೂ ಮೆಸೇಜ್ ಹೋಗ್ತದೆ. ಅದು ಆಗ ಇದ್ದಿದ್ರೆ ಅಂತ ಅನಿಸ್ತದೆ.

ಫಿಶ್ ಸ್ಟಾಲ್ ಕಲಬುರಗಿ:
ನಾ ಬಾಜಾರದ ಮಾತು ಹೇಳ್ತೀನಿ. ನಮ್ಮಲ್ಲಿ ಮಾರೋದು ರಾಹು, ಕಟ್ಲಾ, ಮರಲ್, ಜಿಲೇಬಿ, ಇವೆಲ್ಲಾ ಡ್ಯಾಮಿಂದು ಇಲ್ಲಾ ಆಂಧ್ರದ ಕೆರಿದು. ಸಮುದ್ರದ್ದು ಅಂದ್ರ ಪಾಪ್ಲೆಟ್, ಸುರಮಾಯಿ, ಬಂಗಡಾ, ಝಿಂಗಾ, ಐಸ್ ಹಾಕಿದ ಥರ್ಮಾಕೋಲ್ ಬಾಕ್ಸ್‌ನ್ಯಾಗ ಬರ್ತಾವ. ಟ್ಯೂನಾ ಯಾವಾಗರ ಒಮ್ಮೆ ಬರ್ತದ, ಕೊಯ್ದ್ರ ಕೆಂಪು ಮಾಂಸ, ಗಿರಾಕಿ ನೋಡಿ ಇದೇನು ಭಾಯಿ ಮಟನ್ ಏನು ಅಂತಾರ. ಹೋದ ವರ್ಷ ಬ್ಯಾಸಗ್ಯಾಗ ಒಂದು ಪಾರ್ಟಿ ಕಳಸಿದ್ದು ತಗೊಂಡು ಮಾರಿದ್ರ ಸಂಜಿಗಿ ಗಿರಾಕಿ ಫೋನು, ಮಾರಿ ಎಲ್ಲಾ ಕೆಂಪ್ ಆಗಿ ಮೈ ತುರಿಸ್ಲತ್ತದ, ತಲಿ ಸಿಡೀಲತ್ತದ ಅಂತ. ಮೀನು ನಾರ್ತಿರಲಿಲ್ಲ ನಾನೇ ಮೂಸಿ ನೋಡಿ ಕೊಟ್ಟಿದ್ದು, ಅವ್ರು ಚೆನ್ನಾಗಿ ಬೇಯಿಸೇ ತಿಂದಾರ. ಅವತ್ತಿಂದ ನಾ ಟ್ಯೂನಾ ಮುಟ್ಟಿಲ್ಲ. ಅಕ್ಕೋರು ಹೇಳ್ತಾರೇನು ಅದೇನು ಅಂತ?

ಬಿದ್ರಿಕಲೆ:
ಭಾಯಿ ಅದು ಹಿಸ್ಟಮೈನ್, ಅಲರ್ಜಿಯಂಗ ಮೈ ತುರಸೋ ವಸ್ತು. ಟ್ಯೂನಾ, ಬಂಗಡಾ, ಸುರಮಾಯಿ ಈ ಕುಲದ ಮೀನಿನ ಮಾಂಸದಾಗ ಹಿಸ್ಟಿಡಿನ್ ಅಂತ ಒಂದು ಅಂಶ ಜಾಸ್ತಿ ಇರ್ತದ, ಸತ್ತ ಮ್ಯಾಲ ಥಂಡಿ ಸಿಗ್ಲಿಲ್ಲಂದ್ರ ಬ್ಯಾಕ್ಟೀರಿಯಾ ಅದನ್ನ ಹಿಸ್ಟಮೈನ್ ಮಾಡ್ತಾವ. ಒಮ್ಮೆ ಆಯ್ತಂದ್ರ ಬೇಯಿಸಿದ್ರೂ ಹೋಗಲ್ಲ, ಫ್ರೀಜರ್‌ಗಿ ಹಾಕಿದ್ರೂ ಹೋಗಲ್ಲ, ವಾಸನಿನೂ ಬರಲ್ಲ. ನಿಮ್ಮ ತಪ್ಪಲ್ಲ, ನಿಮ್ಮ ತನಕ ಬರೋ ಹೊತ್ತಿಗೇ ಆಗಿರ್ತದ, ಎಲ್ಲೋ ಬಂದರದಾಗ ಬಿಸಿಲಿಗಿ ಬಿದ್ದಿರ್ತದ ಇಲ್ಲಾ ಲಾರಿಯಾಗ ಐಸ್ ಕರಗಿರ್ತದ. ನಮ್ಮ 43, 44 ಡಿಗ್ರಿ ಬಿಸಿಲಾಗ ಥರ್ಮಾಕೋಲ್ ಎಷ್ಟೊತ್ತು ತಡೀತದ ನೀವೇ ಹೇಳ್ರಿ.

ಮತ್ತ ಟ್ಯೂನಾ ಬಾಕಿ ಮೀನಿನಂಗಲ್ಲ, ಅದರ ಮೈ ಬೆಚ್ಚಗಿರ್ತದ. ಈಜೋದು ನಿಲ್ಲಸೋದೇ ಇಲ್ಲ, ಆ ಶಾಖ ಹೊರಗ ಹೋಗ್ಲಾರದಂಗ ರಕ್ತನಾಳದ ವ್ಯವಸ್ಥಾ ಅದ. ಗಾಳಕ್ಕ ಸಿಕ್ಕು ಒದ್ದಾಡಿದಷ್ಟೂ ಮೈ ಇನ್ನೂ ಕಾಯ್ತದ, ಒಳಗಿಂದೊಳಗೇ ಮಾಂಸ ಅರ್ಧ ಬೆಂದಂಗ ಬೆಳ್ಳಗ ಆಗಿಬಿಡ್ತದ. ಕೊಚ್ಚಿ ತೋಪ್ಪುಂಪಡಿ ಬಂದರದಾಗ ನೋಡೀನಿ, ಜಪಾನ್ ಮಾಲಿಗಿ ಆರಿಸೋರು ಒಂದು ಸಣ್ಣ ಟೊಳ್ಳು ಸರಳು ರೆಕ್ಕಿ ತೆಳಗ ಚುಚ್ಚಿ ಪೆನ್ಸಿಲ್ ದಪ್ಪದ ಮಾಂಸ ಹೊರಗ ತೆಗೀತಾರ, ಬಾಲದ ಹಂತ್ಯಾಕ ಒಂದು ಬಿಲ್ಲೆ ಕೊಯ್ತಾರ, ಬೆರಳಿನ ಮ್ಯಾಲ ಇಟ್ಟು ಬೆಳಕಿಗಿ ಹಿಡಿದು ಬಣ್ಣ ನೋಡ್ತಾರ, ತಿಕ್ಕಿ ಎಣ್ಣಿ ನೋಡ್ತಾರ. ಮಾತೇ ಇಲ್ಲ, ಈ ಕಡಿ ಇಲ್ಲಾ ಆ ಕಡಿ ಅಂತ ಕೈ ಮಾಡ್ತಾರ. ಈ ಕಡಿ ಬಿದ್ರ ವಿಮಾನ, ಆ ಕಡಿ ಬಿದ್ರ ಕ್ಯಾನಿಂಗ್ (ಡಬ್ಬಿಗಿ ತುಂಬೋ ಮಾಲಿನ) ರೇಟು. ನಲವತ್ತು ಕಿಲೋದ ಮೀನು, ನೋಡ್ಲಕ್ಕ ಕನ್ನಡಿಯಂಗ ಹೊಳೀತಿರ್ತದ, ಒಳಗ ಸುಟ್ಟಿರ್ತದ, ಆ ಕಡಿನೇ.

ಹಿಡದ ತಕ್ಷಣ ತಲಿಗಿ ಮೊಳಿ ಹೊಡದು ಮೆದುಳು ಕೊಲ್ಲಬೇಕು, ರಕ್ತ ಬಸಿಬೇಕು, ಕಿವಿರು ಕರಳು ತೆಗಿಬೇಕು, ಐಸು ನೀರು ಕಲಸಿದ್ದರಾಗ ಮುಳಗಸಬೇಕು. ಬೋಟ್ ಕಟ್ಟಿ ಗಾಳ ಬಿಟ್ರ ಆಗಲ್ಲ, ಈ ಕೆಲಸ ಬಲ್ಲ ಕೈ ಬೇಕು. ನಮ್ಮ ದೇಶದ ಟ್ಯೂನಾಕ್ಕ ರೇಟ್ ಸಿಗವಲ್ದು ಅಂದ್ರ ಮೀನು ಇಲ್ಲದ್ದಕ್ಕಲ್ಲ, ಇದಕ್ಕ.

ಫಿಶ್ ಸ್ಟಾಲ್ ಕಲಬುರಗಿ:
ಶುಕ್ರಿಯಾ ಅಕ್ಕೋರೆ. ಆ ಗಿರಾಕಿಗಿ ನಾ ಇನ್ನೂ ಮಾರಿ ತೋರಸಿಲ್ಲ, ಇದು ಸ್ಕ್ರೀನ್‌ಶಾಟ್ ಹೊಡದು ಕಳಸ್ತೀನಿ.

ಖಾರ ಬ್ಯಾಳಿ:
ಮೆಡಿಕಲ್ ಕಾಲೇಜ್ ಆಗ್ಲತ್ತದಲ್ಲಪ್ಪ ಈ ಪೋಸ್ಟು. ನಂದೊಂದು ಡೌಟು, ಸಮುದ್ರ ಅಷ್ಟು ದೊಡ್ಡದದ, ಮೀನು ಎಲ್ಲಿ ಅದ ಅಂತ ಬೋಟಿನವ್ರಿಗಿ ಹೆಂಗ ಗೊತ್ತಾಗ್ತದ? ಸುಮ್ಮ ಹೋಗಿ ಗಾಳ ಬಿಡ್ತಾರೇನು?

ಮಲ್ಪೆ ಟು ಯಾದಗಿರಿ:
ಹಳಬರು ಹಕ್ಕಿ ನೋಡ್ತಾರೆ, ನೀರಿನ ಬಣ್ಣ ನೋಡ್ತಾರೆ, ತೇಲೋ ಮರದ ದಿಮ್ಮಿ ಸಿಕ್ಕಿದ್ರೆ ಅದರ ಸುತ್ತ ಹುಡುಕ್ತಾರೆ. ಈಗ ಮಾಹಿತಿ ಬರೋದು ಎಲ್ಲಿಂದ ಅಂತ ಕೇಳಿದ್ರೆ ನಗಾಡ್ತೀರಿ, ಹೈದರಾಬಾದಿನಿಂದ! ನಿಮ್ಮ ಕಲಬುರಗಿಯಿಂದ ಇನ್ನೂರು ಚಿಲ್ಲರೆ ಕಿಲೋಮೀಟರು. ಇನ್‌ಕಾಯಿಸ್ ಅಂತ ಸಂಸ್ಥೆ, 1999ರದ್ದು, ಸುನಾಮಿ ಎಚ್ಚರಿಕೆ ಕೊಡೋದೂ ಅದೇ. ಉಪಗ್ರಹದಲ್ಲಿ ಸಮುದ್ರದ ಮೇಲ್ಮೈ ಬಿಸಿ ಎಷ್ಟು, ಹಸಿರು ಪಾಚಿ ಎಲ್ಲಿ ಜಾಸ್ತಿ ಅಂತ ನೋಡಿ, ಬಿಸಿ ನೀರು ತಣ್ಣೀರು ಸೇರೋ ಗೆರೆ ಹುಡುಕಿ, ಇಷ್ಟು ದೂರ ಈ ದಿಕ್ಕು ಇಷ್ಟು ಆಳ ಅಂತ ಕನ್ನಡದಲ್ಲೇ ಕಳಿಸ್ತಾರೆ. ಟ್ಯೂನಾಕ್ಕೆ ಬೇರೆಯೇ ಸೂಚನೆ ಉಂಟು. ನನ್ನ ಅಣ್ಣ ಅದನ್ನು ನೋಡ್ತಾನೆ, ನೋಡಿದ ಮೇಲೆ ತಾಂಡೇಲ ಹೇಳಿದ ಕಡೆಗೇ ಹೋಗ್ತಾನೆ, ಅದು ಬೇರೆ ವಿಷಯ.

ಬಿದ್ರಿಕಲೆ:
ಅದಕ್ಕ ಒಂದು ಮಾತು ಸೇರಸ್ತೀನಿ. ಅರಬ್ಬೀ ಸಮುದ್ರದಾಗ ಸುಮಾರು ನೂರೈವತ್ತು ಮೀಟರ್ ತೆಳಗ ಹೋದ್ರ ಆಕ್ಸಿಜನ್ ಭಾಳ ಕಡಿಮಿ ಇರೋ ಒಂದು ದಪ್ಪ ಪದರ ಅದ, ಸಾವಿರ ಮೀಟರ್ ತನಕ. ಯೆಲ್ಲೋಫಿನ್‌ಗಿ ಆಕ್ಸಿಜನ್ ಜಾಸ್ತಿ ಬೇಕು, ಅದಕ್ಕ ಅದು ಮ್ಯಾಲಿನ ಪದರದಾಗೇ ಇರ್ತದ. ಬ್ಯಾರೆ ಸಮುದ್ರದಾಗ ಗಾಳ ಆಳಕ್ಕ ಬಿಟ್ಟಂಗ ಇಲ್ಲಿ ಬಿಟ್ರ ಖಾಲಿ ಬರ್ತದ. ಎಕ್ಸ್‌ಪ್ಲೋರೇಟರಿ ಫಿಶಿಂಗ್ (ಹಿಡದು ನೋಡಿ ಸರ್ವೇ ಮಾಡೋದು) ಅಂತ ರೊಕ್ಕ ಖರ್ಚು ಮಾಡೋದು ಇಂಥಾದ್ದು ತಿಳ್ಕೊಳ್ಳಕ್ಕ. ಆ ಕೆಂಪು ಚುಕ್ಕಿ ಮ್ಯಾಪ್‌ನ್ಯಾಗ ಆಳ ಎಷ್ಟು, ತಿಂಗಳು ಯಾವುದು ಅಂತ ಬರದದೇನು ಕೇಳು ತಮ್ಮಾ ಆ ಏಜೆಂಟಗ.

ರಿಟೈರ್ಡ್ ಮಾಸ್ತರ್ ಸೇಡಂ:
ಎಲ್ಲರೂ ಚಲೋ ಹೇಳ್ಲತ್ತೀರಿ. ಆಳಸಮುದ್ರದಾಗ ಬಂಗಾರ ಅದ ಅನ್ನೋ ಮಾತು ಹೊಸದಲ್ಲ. 1981ರಾಗ ಚಾರ್ಟರ್ ಪಾಲಿಸಿ ಅಂತ ತಂದ್ರು, ವಿದೇಶಿ ಹಡಗು ಬಾಡಿಗಿ ಮ್ಯಾಲ ನಮ್ಮ ನೀರಾಗ ಮೀನು ಹಿಡಿಲಕ್ಕ. 1991ರಾಗ ವಿದೇಶಿ ಕಂಪನಿ ಜೋಡಿ ಜಾಯಿಂಟ್ ವೆಂಚರ್ ಅಂದ್ರು. ಕರಾವಳಿ ಮಂದಿ ಎದ್ದು ನಿಂತ್ರು, ಥಾಮಸ್ ಕೊಚ್ಚೇರಿ ಮುಂದಾಳತ್ವದಾಗ ದೇಶವ್ಯಾಪಿ ಹೋರಾಟ ಆಯ್ತು. ಮುರಾರಿ ಸಮಿತಿ ಮಾಡಿದ್ರು, ಅದು 21 ಶಿಫಾರಸು ಕೊಟ್ಟು ಆ ಪರವಾನಗಿ ಎಲ್ಲಾ ರದ್ದು ಮಾಡ್ರಿ ಅಂತು. ಅದಾದ ಮ್ಯಾಲೂ ಲೆಟರ್ ಆಫ್ ಪರ್ಮಿಟ್ ಅಂತ ಬ್ಯಾರೆ ಹೆಸರಿನ್ಯಾಗ ನಡೀತು, 2017ರಾಗ ಅದೂ ನಿಂತಿತು. 2014ರಾಗ ಆಳಸಮುದ್ರ ಮೀನುಗಾರಿಕಿ ಮ್ಯಾಲ ಮೀನಾಕುಮಾರಿ ಸಮಿತಿ ವರದಿ ಬಂದಾಗ ಮತ್ತ ಗದ್ದಲ.

ಪ್ರತಿ ಸಲ ಇಂಥಾದ್ದೇ ಲೆಕ್ಕ ತೋರಸ್ತಾರ. ನಮ್ಮದು ಇಪ್ಪತ್ತು ಲಕ್ಷ ಚದರ ಕಿಲೋಮೀಟರ್ ಮ್ಯಾಲಿನ ಇಇಝಡ್ (ಮೀನು ಹಿಡಿಲಕ್ಕ ನಮ್ಮ ದೇಶಕ್ಕ ಹಕ್ಕಿರೋ ಸಮುದ್ರ), ದಂಡಿಯಿಂದ 200 ನಾಟಿಕಲ್ ಮೈಲಿ, ಅದರಾಗ ವರ್ಷಕ್ಕ 53 ಲಕ್ಷ ಟನ್ ಮೀನು ತೆಗೀಬಹುದು, ದೂರದ್ದು ಯಾರೂ ಮುಟ್ಟಿಲ್ಲ ಅಂತ. ತೆಗೀಬಹುದು ಅನ್ನೋದಕ್ಕೂ ನಮ್ಮ ಕೈಗಿ ಬರ್ತದ ಅನ್ನೋದಕ್ಕೂ ಭಾಳ ಅಂತರ. ಲೆಕ್ಕದ ಮಾಸ್ತರ್ ಆಗಿ ಹೇಳ್ಲತ್ತೀನಿ.

ಮಲ್ಪೆ ಟು ಯಾದಗಿರಿ:
ಮಾಸ್ತರ್ರೆ, ನಿಮ್ಮ ಮಾತಿಗೆ ಗೌರವ ಉಂಟು, ಆದ್ರೆ ದೂರ ಹೋಗೋದೇ ಬೇಡ ಅಂದ್ರೆ ನಮ್ಮವರು ಎಂತ ಮಾಡ್ಬೇಕು? ದಡದ ಹತ್ರ ಬೋಟ್ ಜಾಸ್ತಿಯಾಗಿ ಹೋಗಿದೆ. ಪರ್ಸೀನ್ (ಮೀನಿನ ಗುಂಪನ್ನು ಸುತ್ತುವರಿದು ಹಿಡಿಯೋ ಬೋಟಿನ ಬಲೆ) ಬಂದು ರಂಪಣಿ (ದಡಕ್ಕೆ ಎಳೆಯೋ ದೊಡ್ಡ ಬಲೆ) ಹೋಯ್ತು, ಅದು ಎಪ್ಪತ್ತರ ದಶಕದ ಕತೆ, ಈಗ ಪರ್ಸೀನ್‌ನವರೇ ಅಳ್ತಿದ್ದಾರೆ. ಭೂತಾಯಿ ಮೀನು (ಸಾರ್ಡೀನ್) ನೋಡಿ, ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ ಹತ್ರ ಬಿದ್ದದ್ದು 2021ಕ್ಕೆ 3,300 ಟನ್ ಆಸುಪಾಸಿಗೆ ಬಂತು. ಲೈಟ್ ಹಾಕಿ ಹಿಡಿಯೋದು 2017ರಲ್ಲೇ ಕೇಂದ್ರ ಬಂದ್ ಮಾಡಿದೆ, ರಾತ್ರಿ ಸಮುದ್ರಕ್ಕೆ ಹೋಗಿ ನೋಡಿ ಬಂದ್ ಆಗಿದೆಯಾ ಅಂತ. ಮರಿ ಮೀನು ಫಿಶ್‌ಮೀಲ್‌ಗೆ (ಮೀನಿನ ಹುಡಿಗೆ) ಹೋಗ್ತದೆ. ಹೀಗಿರುವಾಗ ಒಂದಷ್ಟು ಬೋಟ್ ಟ್ರಾಲ್ ಬಿಟ್ಟು ದೂರ ಗಾಳಕ್ಕೆ ಹೋದ್ರೆ ದಡಕ್ಕೂ ಉಸಿರು ಬರ್ತದೆ. ಹೋಗೋದು ತಪ್ಪಲ್ಲ, ಯಾರು ಹೋಗ್ತಾರೆ ಅನ್ನೋದು ಮುಖ್ಯ.

2025ರ ನವೆಂಬರಲ್ಲಿ ಕೇಂದ್ರ ಇಇಝಡ್‌ಗೆ ಹೊಸ ನಿಯಮ ತಂದಿದೆ, ಅದರಲ್ಲಿ ಸಹಕಾರ ಸಂಘಗಳಿಗೆ ಮೊದಲ ಆದ್ಯತೆ, ವಿದೇಶಿ ಹಡಗಿಗೆ ಜಾಗ ಇಲ್ಲ, ಯಾಂತ್ರೀಕೃತ ಬೋಟಿಗೆ ಆಕ್ಸೆಸ್ ಪಾಸ್ ಬೇಕು, ಅದು ಆನ್‌ಲೈನ್‌ನಲ್ಲಿ ಪುಕ್ಕಟೆ. ನನಗೆ ಇದು ಒಳ್ಳೆದು ಅಂತಲೇ ಕಾಣ್ತದೆ.

ರಿಟೈರ್ಡ್ ಮಾಸ್ತರ್ ಸೇಡಂ:
ಸಹಕಾರ ಸಂಘದ ಹೆಸರಿನ್ಯಾಗ ಯಾರ ರೊಕ್ಕ ಇರ್ತದ ಅನ್ನೋದು ಹತ್ತು ವರ್ಷ ಆದ ಮ್ಯಾಲ ಮಾತಾಡೋಣ್ರಿ.

ನಾರಾಯಣಪುರ ಕೆನಾಲ್:
ಮಾಸ್ತರ್ ಸರ ಕರೆಕ್ಟ್ ಹೇಳ್ಯಾರ. ನಾವು ಕೃಷ್ಣಾದಾಗ ಹರಗೋಲು ಹಾಕೋರು. ನಮ್ಮ ಕಡಿನೂ ಸಂಘ ಅದ, ಲೈಸನ್ಸ್ ಸಂಘದ್ದು, ಬಲಿ ಹಾಕೋರು ನಾವು, ಮೀನು ತೂಗೋದು ಮೂರನೇದಾಂವ. ರೊಕ್ಕ ಮುಂಗಡ ಕೊಟ್ಟಾಂವ ಅಂವ, ಅದಕ್ಕ ರೇಟೂ ಅವಂದೇ. ಮಳಿಗಾಲದಾಗ ಮೀನು ಮರಿ ಹಾಕೋ ಟೈಮಿಗಿ ಬಲಿ ಹಾಕಬ್ಯಾಡ್ರಿ ಅಂತಾರ, ನಾವು ಸುಮ್ಮ ಕುಂದುರ್ತೀವಿ, ಹೊರಗಿನವ್ರು ಸೊಳ್ಳಿ ಪರದೆಯಂಥಾ ಬಲಿ ತಂದು ಹಾಕ್ತಾರ, ಬೆರಳುದ್ದದ ಮರಿನೂ ಬಿಡಲ್ಲ. ಸಮುದ್ರದಾಗೂ ಹಿಂಗೇ ಬಂದ್ ಮಾಡ್ತಾರೇನ್ರಿ?

ಮಲ್ಪೆ ಟು ಯಾದಗಿರಿ:
ಹೌದು ಅಣ್ಣ, ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಪೂರ್ವಕ್ಕೆ ಏಪ್ರಿಲ್ 15ರಿಂದ ಜೂನ್ 14. ದಡದಿಂದ 12 ನಾಟಿಕಲ್ ಮೈಲಿ ತನಕ ರಾಜ್ಯದ ಕಾನೂನು, ನಮ್ಮದು 1986ರದ್ದು, ಅದರಾಚೆ ಕೇಂದ್ರದ್ದು. ಸಮಸ್ಯೆ ನೀವು ಹೇಳಿದ್ದೇ, ಕಾನೂನು ಉಂಟು, ನೀರಿನ ಮೇಲೆ ಪೊಲೀಸ್ ಎಷ್ಟು ಮಂದಿ?

ಬಿದ್ರಿಕಲೆ:
ಟ್ಯೂನಾದ್ದು ಇನ್ನೂ ಫಜೀತಿ. ಅದಕ್ಕ ಗಡಿ ಗೊತ್ತಿಲ್ಲ, ಇವತ್ತು ಲಕ್ಷದ್ವೀಪ ಕಡಿ ಇದ್ದದ್ದು ಮುಂದ ಮಾಲ್ಡೀವ್ಸ್, ಒಮಾನ್. ಒಂದು ದೇಶ ಬಿಗಿ ಮಾಡಿ ಇನ್ನೊಂದು ಬಿಟ್ರ ಏನೂ ಉಪಯೋಗಿಲ್ಲ. ಅದಕ್ಕ ಹಿಂದೂ ಮಹಾಸಾಗರದ ಟ್ಯೂನಾಕ್ಕೇ ಒಂದು ಆಯೋಗ ಅದ, ಐಒಟಿಸಿ, ಆಫೀಸ್ ಸೀಶೆಲ್ಸ್‌ದಾಗ, ಭಾರತನೂ ಮೆಂಬರ್. 2015ರಾಗ ಅವರ ವಿಜ್ಞಾನಿಗಳು ಯೆಲ್ಲೋಫಿನ್ ಅತಿಯಾಗಿ ಹಿಡದಾರ ಅಂದ್ರು, 2016ರಾಗ ಕಡಿಮಿ ಮಾಡ್ರಿ ಅಂತ ನಿರ್ಣಯ. ಜಗಳ ಅಲ್ಲೇ ಶುರು. ಸ್ಪೇನ್, ಫ್ರಾನ್ಸ್‌ನವರ ದೊಡ್ಡ ಪರ್ಸೀನ್ ಹಡಗು ಸಮುದ್ರದಾಗ ತೇಲೋ ತೆಪ್ಪ ಬಿಟ್ಟು ಅದರ ತೆಳಗ ಸೇರಿದ್ದೆಲ್ಲಾ ಬಾಚ್ತಾರ, ಅದರಾಗ ಯೆಲ್ಲೋಫಿನ್ ಮರಿ ರಾಶಿ. ನಮ್ಮಂಥಾ ದೇಶದವ್ರು ಅಂತಾರ, ಇಷ್ಟು ವರ್ಷ ಹಿಡದವ್ರು ನೀವು, ಈಗ ನಾವು ಬರೋ ಹೊತ್ತಿಗಿ ಕೋಟಾ ಅಂದ್ರ ಹೆಂಗ? 2024ರ ಹೊಸ ಲೆಕ್ಕದಾಗ ಸ್ಥಿತಿ ಸುಧಾರಿಸ್ಯದ ಅಂತ ಬಂದದ, ಆದ್ರ ಕೋಟಾ ಹಂಚೋ ಜಗಳ ಮುಗೀವಲ್ದು. ಮುಂದ ಯಾವತ್ತರ ನಮ್ಮ ದೇಶಕ್ಕ ಇಷ್ಟೇ ಅಂತ ಬಂದ್ರ ಆ ಪಾಲು ತೂತೂರಿನ ಗಾಳದವಗ ಸಿಗ್ತದೋ, ಐದೈದು ಲಕ್ಷ ಕೂಡ್ಸಿದ ಏಜೆಂಟಗ ಸಿಗ್ತದೋ ಅನ್ನೋದೇ ನಂದೂ ಸಂಶಯ.

ಚಲೋ ಮೀನುಗಾರಿಕಿ ನೋಡಬೇಕಂದ್ರ ಲಕ್ಷದ್ವೀಪದ ಮಿನಿಕಾಯ್ ಕಡಿ ನೋಡಬೇಕು. ಲಗೂನ್‌ದಾಗ (ಹವಳದ ದಿಬ್ಬದ ಒಳಗಿನ ನೀರಾಗ) ಸಣ್ಣ ಮೀನು ಜೀವಂತ ಹಿಡದು ಬೋಟಿನ ಟ್ಯಾಂಕ್‌ನ್ಯಾಗ ಇಟ್ಕೊಂಡು ಹೋಗ್ತಾರ, ಸ್ಕಿಪ್‌ಜಾಕ್ ಗುಂಪು ಕಂಡ್ರ ಅವನ್ನ ಎಸೀತಾರ, ಮ್ಯಾಲಿಂದ ನೀರು ಚಿಮುಕಸ್ತಾರ, ಮೀನಿಗಿ ಹುಚ್ಚು ಹಿಡೀತದ. ಹಿಂದ ಸಾಲಾಗಿ ನಿಂತವ್ರು ಮುಳ್ಳಿಲ್ಲದ ಗಾಳ ಕಟ್ಟಿದ ಕೋಲಿಲೆ ಒಂದೊಂದೇ ಎತ್ತಿ ಹಿಂದಕ್ಕ ಒಗೀತಾರ, ಮೀನು ತಾನೇ ಬಿಡಿಸ್ಕೊಂಡು ಬೋಟ್‌ನ್ಯಾಗ ಬೀಳ್ತದ. ಆಮಿ ಸಿಗಲ್ಲ, ಶಾರ್ಕ್ ಸಿಗಲ್ಲ. ಉಳದದ್ದು ಬೇಯಿಸಿ ಹೊಗಿ ಹಾಕಿ ಒಣಗಸಿ ಮಾಸ್ ಮಾಡ್ತಾರ, ಐಸ್ ಬ್ಯಾಡ ಏನ್ ಬ್ಯಾಡ, ತಿಂಗಳಗಟ್ಟಲೆ ಇಡಬಹುದು. ಭಾಯಿ, ನಮ್ಮ ಬಿಸಿಲಿಗಿ ಅದು ಸರಿ ಮಾಲು ನೋಡ್ರಿ.

ಫಿಶ್ ಸ್ಟಾಲ್ ಕಲಬುರಗಿ:
ಸ್ಯಾಂಪಲ್ ತರಸ್ರಿ ಅಕ್ಕೋರೆ, ನಾ ಇಟ್ಟು ನೋಡ್ತೀನಿ. ಒಣ ಮೀನಿಗಿ ನಮ್ಮಲ್ಲಿ ಗಿರಾಕಿ ಹರ.

ಲೆಕ್ಕಪತ್ರ:
ಎಲ್ಲಾ ಓದಿದೆ. ತಮ್ಮಾ ನೀ ಕೇಳಿದ್ದು ರೊಕ್ಕದ ಮಾತು, ಅದನ್ನ ಯಾರೂ ಪೂರಾ ಹೇಳಿಲ್ಲ. ಏಜೆಂಟ್ ಲೆಕ್ಕ ಹೆಂಗ ಕೂಡ್ಸ್ಯಾನ ನೋಡು, 1.20 ಕೋಟಿಗಿ 40 ಪರ್ಸೆಂಟ್ ಅಂದ್ರ 48 ಲಕ್ಷ ಸಬ್ಸಿಡಿ, ನಿಮ್ಮಂಥಾ ಹತ್ತು ಮಂದಿದು 50, ಒಟ್ಟು 98. ಇನ್ನೂ 22 ಲಕ್ಷ ಎಲ್ಲಿಂದ? ಅದು ನಾಳೆ ಇನ್ನೊಮ್ಮೆ ನಿಮ್ಮ ಹತ್ರನೇ ಕೇಳ್ತಾನ. ಮತ್ತ ಎರಡು ವರ್ಷಕ್ಕ ದುಪ್ಪಟ್ಟು ಅಂತ ಮಾತು ಕೊಟ್ಟು ಮಂದಿ ಕಡಿಂದ ರೊಕ್ಕ ಎತ್ತೋದು ಅಂದ್ರ ಡಿಪಾಸಿಟ್ ಸ್ಕೀಮ್ ಆಗಬಹುದು, ಅನುಮತಿ ಇಲ್ಲದ ಡಿಪಾಸಿಟ್ ಸ್ಕೀಮ್ ನಿಷೇಧ ಮಾಡೋ ಕಾಯ್ದೆ 2019ರಾಗೇ ಬಂದದ, ಠೇವಣಿದಾರರ ರಕ್ಷಣಾಕ್ಕ ರಾಜ್ಯದ್ದು 2004ರ ಕಾಯ್ದೆ ಬ್ಯಾರೆ ಅದ. ಅವಗ ಕೇಳು: ಬೋಟಿನ ರಿಜಿಸ್ಟ್ರೇಶನ್ ಯಾರ ಹೆಸರಿಗಿ, ಯಾವ ಯಾರ್ಡ್‌ನ್ಯಾಗ ಕಟ್ಲತ್ತಾರ, ಪಾಲುದಾರಿಕಿ ಪತ್ರ ನೋಂದಣಿ ಆಗ್ಯದೋ, ಇನ್ಶೂರೆನ್ಸ್ ಯಾರು ಕಟ್ತಾರ.

ಮಲ್ಪೆ ಟು ಯಾದಗಿರಿ:
ರಿಜಿಸ್ಟ್ರೇಶನ್ ನಂಬರ್ ಐಎನ್‌ಡಿ, ಕೆಎ, ಆಮೇಲೆ ಎಮ್‌ಎಮ್ ಅಂತ ಬರ್ತದೆ, ಬೋಟಿನ ಮೇಲೆ ದೊಡ್ಡಕ್ಕೆ ಬರೆದಿರ್ತಾರೆ. ಗೋವಾದ್ದಾದ್ರೆ ಜಿಎ. ನಂಬರ್ ಕೊಟ್ರೆ ನಾನು ಬಂದರಲ್ಲಿ ವಿಚಾರಿಸಿ ಹೇಳ್ತೇನೆ. ಕಟ್ತಾ ಇದ್ದಾರೆ ಅಂದ್ರೆ ಯಾರ್ಡಿನ ಹೆಸರು ಕೇಳಿ, ಅಣ್ಣ ಬೈಕ್ ಹತ್ತಿ ಹೋಗಿ ಫೋಟೋ ತೆಗೀತಾನೆ.

ತೊಗರಿ ಕಣಜ:
ಇವತ್ತು ಸಂಜಿಗಿ ಬಂದಿದ್ದ. ಎಲ್ಲಾ ಕೇಳಿದೆ. ಯಾರ್ಡ್ ಎಲ್ಲಿ ಅಂದ್ರ ಗೋವಾ ಅಂದ, ಗೋವಾದಾಗ ಎಲ್ಲಿ ಅಂದ್ರ ಸಮುದ್ರದ ಹಂತ್ಯಾಕ ಅಂದ. ಸಬ್ಸಿಡಿ ಮೀನುಗಾರರಿಗಿ ಅಂತಲ್ಲ ಅಂದ್ರ ಅದೆಲ್ಲಾ ನಾವು ಅಡ್ಜಸ್ಟ್ ಮಾಡ್ತೀವಿ ಅಂದ. ಗಾಳ ಎಷ್ಟು ಆಳಕ್ಕ ಬಿಡ್ತಾರ ಅಂತ ಅಕ್ಕೋರು ಹೇಳಿದ್ದು ಕೇಳಿದೆ ನೋಡ್ರಿ, ಗಾಳ ಏನು, ಬಲಿ ಹಾಕಿ ಹಿಡಿಯೋದು ಅಂದ. ಮಾವ ಅಲ್ಲೇ ಕುಂತಿದ್ದ, ಏನೂ ಮಾತಾಡ್ಲಿಲ್ಲ, ಎರಡನೇ ಚಾ ಮಾತ್ರ ಹೇಳ್ಲಿಲ್ಲ.

ಈಗ ಐದು ಲಕ್ಷ ಕೊಡಲ್ಲ ಅಂತ ಮಾವ ಒಪ್ಪ್ಯಾನ. ಟೋಕನ್ ಇಪ್ಪತ್ತೈದು ಸಾವಿರ ವಾಪಸ್ ಹೆಂಗ ಇಸಗೋಬೇಕು ಅನ್ನೋದೇ ಉಳದದ. ಕೈ ಚೀಟಿ ಮ್ಯಾಲ ಬರದು ಸೈನ್ ಮಾಡ್ಯಾನ, ಅಷ್ಟೇ ಅದ.

ಲೆಕ್ಕಪತ್ರ:
ಚೀಟಿ ಫೋಟೋ ಹೊಡದಿಡು, ಒರಿಜಿನಲ್ ಕೈಗಿ ಕೊಡಬ್ಯಾಡ. ಫೋನ್‌ಪೇ ಮಾಡಿದ್ರ ಸ್ಟೇಟ್‌ಮೆಂಟ್ ತೆಗದಿಡು. ಒಬ್ಬನೇ ಹೋಗಬ್ಯಾಡ, ಊರಾಗ ಇನ್ನೂ ಯಾರ್‍ಯಾರು ಟೋಕನ್ ಕೊಟ್ಟಾರ ಕೇಳಿ ಎಲ್ಲಾರೂ ಕೂಡಿ ಹೋಗ್ರಿ. ಕೊಡಲ್ಲ ಅಂದ್ರ ಸ್ಟೇಶನ್‌ಗಿ ಬರವಣಿಗ್ಯಾಗ ಕಂಪ್ಲೇಂಟ್ ಕೊಡ್ರಿ, ಬಾಯಿ ಮಾತು ಬ್ಯಾಡ.

ತೊಗರಿ ಕಣಜ:
ಇನ್ನೂ ಮೂರು ಮಂದಿ ಹರಂತ, ಬಾಜೂ ಊರಾಗ. ಸೋಮವಾರ ಎಲ್ಲಾರೂ ಕೂಡಿ ಹೋಗ್ತೀವಿ.

ಖಾರ ಬ್ಯಾಳಿ:
ನಾನೂ ಬರ್ತೀನಿ, ಶಾಲು ನಾ ತರ್ತೀನಿ.